ಕಣದಲ್ಲಿ ಒಣಗಿದ ಗಿಟಾರ್

ಹೊಂಗಡಹಳ್ಳ
3 ನವೆಂಬರ್ 2024

ಲೋ ಚಂದು,

ನಿನ್ನ ಪಾರ್ಸಲ್ ಬಂತು. ಬಸ್ಸಿನ ಕಂಡಕ್ಟರ್ ಗೇಟಿನ ಹತ್ತಿರ ಇಳಿಸಿ, "ಏನಕ್ಕ ಇದು, ಇಷ್ಟುದ್ದ ಐತೆ, ಯಾರನ್ನಾದ್ರೂ ಕಟ್ಟಿ ಕಳ್ಸವ್ರಾ?" ಅಂದು ಸೀಟಿ ಊದಿಕೊಂಡು ಹೋದ. ಅರುಣಾಚಲದ ನಿನ್ನ ಸುರಂಗದ ಕ್ಯಾಂಪಿನಲ್ಲಿ ಟವರ್ ಇಲ್ಲ, ಇಲ್ಲಿ ನಮ್ಮ ಮನೆಯಲ್ಲೂ ಇಲ್ಲ. ನಾನು ಸಕಲೇಶಪುರಕ್ಕೆ ಹೋದ ದಿನ ನಿನ್ನ ಫೋನು ಸತ್ತಿರುತ್ತದೆ. ತಮ್ಮನಿಗೆ ಅಂಚೆಯಲ್ಲಿ ಕಾಗದ ಹಾಕುವ ಯೋಗ ಈ ಕಾಲದಲ್ಲಿ ನನಗೊಬ್ಬಳಿಗೇ ಇರಬೇಕು.

"ಬಿಚ್ಚಬೇಡ, ಯುಗಾದಿಗೆ ಬಂದು ನಾನೇ ಜೋಡಿಸ್ತೀನಿ" ಅಂತ ನೀನು ಮೊದಲೇ ಬರೆದಿದ್ದೆ. ಬಿಚ್ಚಿದೆ. ಒಡೆದಿದೆಯೋ ಇಲ್ಲವೋ ನೋಡಬೇಡವೇ? ಬಣ್ಣ ಕಾಣದ ಮರದ ಒಡಲು, ಕುತ್ತಿಗೆ, ವೈರು ನೇತಾಡುವ ಬಿಳಿ ಫಲಕ, ಒಂದು ಚೀಲ ಸ್ಕ್ರೂ, ಸುತ್ತಿಟ್ಟ ಆರು ತಂತಿ. ಜೋಡಿಸುವ ಕಾಗದದಲ್ಲಿ ಬರೀ ಚಿತ್ರ, ಅಕ್ಷರವೆಲ್ಲ ಚೀನಾದ್ದು. ಅಪ್ಪಯ್ಯ ಕುತ್ತಿಗೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯಾ ನೋಡಿ, "ಕೊಡ್ಲಿಗೆ ಕಾವು ಮಾಡಿದ್ರೆ ಚೆನ್ನಾಗಿರ್ತದೆ" ಅಂದರು. ಅವ್ವ, "ಗಿಟಾರ್ ಅಂತ ಕಳ್ಸವ್ನೋ, ಸೌದೆ ಅಂತ ಕಳ್ಸವ್ನೋ" ಅಂದಳು.

ಒಂದು ಮಾತು ಕೇಳುತ್ತೇನೆ. ನಾನೇ ಜೋಡಿಸಲೇ? ಜೋಡಿಸಿ ನಾನೇ ಇಟ್ಟುಕೊಳ್ಳಲೇ? ನೀನು ಐಟಿಐಗೆ ಹೋಗುತ್ತಿದ್ದಾಗ ನಿನ್ನ ಹಳೇ ಗಿಟಾರನ್ನು ನಾನು ಎಷ್ಟು ಸಲ ತೊಡೆಯ ಮೇಲೆ ಎತ್ತಿಕೊಂಡಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ನೀನು ಬಾರಿಸುವುದನ್ನು ಬಾಗಿಲ ಸಂದಿಯಿಂದ ನೋಡಿಯೇ ಒಂದಿಷ್ಟು ಕಲಿತೆ. ಎಸ್ಟೇಟ್ ಆಫೀಸಿನಲ್ಲಿ ರೈಟರ್ ಕೆಲಸ ಮುಗಿಸಿ, ಆಳುಗಳ ಹಾಜರಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು ಬಂದರೆ, ಮನೆಯಲ್ಲಿ ನನ್ನದು ಅನ್ನುವ ಒಂದು ವಸ್ತುವೂ ಇಲ್ಲ. ಈ ಪೆಟ್ಟಿಗೆ ಬಿಚ್ಚಿದಾಗಿನಿಂದ ಇದು ಬೇಕು ಅನ್ನಿಸಿಬಿಟ್ಟಿದೆ. ಹೂಂ ಅನ್ನು.

ನಿನ್ನ ಅಕ್ಕ,
ನಯನಾ

•

ಸುರಂಗದ ಕ್ಯಾಂಪ್, ಅರುಣಾಚಲ
20 ನವೆಂಬರ್ 2024

ಅಕ್ಕ,

ನಿನ್ನ ಕಾಗದವನ್ನು ರೂಮಿನವರಿಗೆಲ್ಲ ಅನುವಾದ ಮಾಡಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ನೀನು ಎಲೆಕ್ಟ್ರಿಕ್ ಗಿಟಾರ್ ಬಾರಿಸುವುದಾ! ನಾಳೆಯಿಂದ ಹಾಜರಿಯನ್ನೂ ಹಾಡಿಕೊಂಡೇ ಕೂಗುತ್ತೀಯಾ? ಒಳ್ಳೇ ತಮಾಷೆ.

ಹೇಗೂ ಬಿಚ್ಚಿದ್ದೀಯ, ಒಡಲಿಗೆ ವಾರ್ನಿಷ್ ಬಳಿದಿಡು. ಅಷ್ಟು ಮಾಡಿದರೆ ನನಗೆ ರಜೆಯಲ್ಲಿ ಕೆಲಸ ಕಡಿಮೆಯಾಗುತ್ತದೆ. ಮೊದಲು ಒರಟು ಸ್ಯಾಂಡ್ ಪೇಪರ್, ಆಮೇಲೆ ನಯದ್ದು. ಮರದ ಎಳೆ ಓಡುವ ಕಡೆಗೇ ಉಜ್ಜಬೇಕು, ಅಡ್ಡಡ್ಡ ಉಜ್ಜಬೇಡ. ವಾರ್ನಿಷ್ ತೆಳ್ಳಗಿರಲಿ. ಪೂರ್ತಿ ಒಣಗಿದ ಮೇಲೆ ಉಜ್ಜಿ ಮತ್ತೆ ಬಳಿಯಬೇಕು. ಅವಸರ ಮಾಡಿದರೆ ಕೆಟ್ಟಿತು. ವೈರಿಂಗ್ ಮಾತ್ರ ಮುಟ್ಟಬೇಡ, ಅದು ನಿನ್ನ ಕೈಲಾಗುವುದಲ್ಲ.

ಆನೆಗಳು ಈ ಸಲ ಹೇಗೆ? ನಾನು ಹಾಕಿದ ಸೋಲಾರ್ ಬೇಲಿಯನ್ನು ಅಪ್ಪಯ್ಯ ನೋಡಿಕೊಳ್ಳುತ್ತಿದ್ದಾರಾ? ಬೇಲಿಯ ಮೇಲೆ ಬಳ್ಳಿ ಹಬ್ಬಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಅವರಿಗೆ ಹೇಳು.

ಚಂದನ್

•

ಹೊಂಗಡಹಳ್ಳ
8 ಡಿಸೆಂಬರ್ 2024

ಚಂದು,

ನಕ್ಕಿದ್ದು ಸಾಕು. ವಾರ್ನಿಷ್ ಕಥೆ ಕೇಳು.

ಎಳೆಯ ಕಡೆಗೇ ಉಜ್ಜಿದೆ. ಬೆರಳ ತುದಿಯ ಚರ್ಮ ಹೋಯಿತು, ಮರ ಮಾತ್ರ ಮಗುವಿನ ಕೆನ್ನೆಯಂತಾಯಿತು. ಎರಡು ಸಲ ಬಳಿದಾಗ ಚೆನ್ನಾಗಿಯೇ ಇತ್ತು. ಮೂರನೆಯ ಸಲ ಮಂಜು ಹಿಡಿಯಿತು ನೋಡು, ವಾರ್ನಿಷ್ ಒಣಗುವುದೇ ಇಲ್ಲ ಅಂತ ಕೂತಿತು. ಮುಟ್ಟಿದರೆ ಅಂಟು, ನೋಡಿದರೆ ಮಜ್ಜಿಗೆ ಚೆಲ್ಲಿದಂತೆ ಬಿಳಿ. ಭಾನುವಾರ ಬಿಸಿಲು ಬಂತು. ಕಣದಲ್ಲಿ ಕಾಫಿ ಹರವಿತ್ತು. ಅದರ ಮೂಲೆಯಲ್ಲಿ ಒಂದಿಷ್ಟು ಜಾಗ ಮಾಡಿ, ಇಟ್ಟಿಗೆಯ ಮೇಲೆ ಒಡಲನ್ನಿಟ್ಟು, ಗಿಡ್ಡಯ್ಯನಿಗೆ "ಒಸಿ ನೋಡ್ಕೋ" ಅಂದು ಸ್ನಾನಕ್ಕೆ ಹೋದೆ.

ಗಿಡ್ಡಯ್ಯ ನೋಡಿಕೊಂಡ. ನಮ್ಮ ಕಣದಲ್ಲಿ ಕಾಫಿ ಮಗುಚುವುದು ಅವನೇ ಅಲ್ಲವೇ? ಹಲಗೆ ಹಿಡಿದು ಕಾಫಿ ಮಗುಚಿದಾಗಲೆಲ್ಲ ಗಿಟಾರನ್ನೂ ಮಗುಚಿದ್ದಾನೆ. ಇಟ್ಟಿಗೆಯ ಮೇಲಲ್ಲ ಮಾರಾಯ, ಕಾಫಿಯ ಮೇಲೆ! ನಾನು ತಲೆ ಒರೆಸಿಕೊಂಡು ಬಂದರೆ ಹಸಿ ವಾರ್ನಿಷಿಗೆ ಎರಡೂ ಕಡೆ ಕಾಫಿ ಬೀಜ ಮೆತ್ತಿಕೊಂಡಿದೆ. ಬೈದೆನಾ? ಬೈದೆ. ಅವನೇನೂ ಕಸಿವಿಸಿಪಡಲಿಲ್ಲ. "ಕಣದಾಗಿರೋದ್ನ ಮಗುಚ್ದೆ ಬುಟ್ರೆ ಒಂದ್ ಮಗ್ಲು ಬೂಸ್ಲು ಬತ್ತದೆ ಕಣವ್ವ" ಅಂದ. ಅವನ ಲೆಕ್ಕದಲ್ಲಿ ನಾನೇ ಕೆಲಸ ಗೊತ್ತಿಲ್ಲದವಳು.

ಬೀಜವನ್ನೆಲ್ಲ ಉಗುರಿನಿಂದ ಕಿತ್ತೆ. ಉಜ್ಜಿ ಮತ್ತೆ ಬಳಿದೆ. ಮೇಲುಗಡೆ ಒಂದು ಕಡೆ ಮಾತ್ರ ಬೀಜದ ಅಚ್ಚು ಆಳಕ್ಕೆ ಕೂತಿದೆ, ನಡುವಿನ ಗೀರೂ ಕಾಣುತ್ತದೆ. ಅದನ್ನು ಉಜ್ಜಲಿಲ್ಲ. ನನಗೆ ಇಷ್ಟವಾಯಿತು, ಬಿಟ್ಟೆ.

ಆನೆ ಅಲ್ಲೊಂದು ಇಲ್ಲೊಂದು ಅಂತಾರೆ. ನೀನು ಅಲ್ಲಿ ಕೂತು ತಲೆ ಕೆಡಿಸಿಕೊಳ್ಳಬೇಡ.

ನಯನಾ

•

ಸುರಂಗದ ಕ್ಯಾಂಪ್
26 ಡಿಸೆಂಬರ್ 2024

ಅಕ್ಕ,

ಆ ಅಚ್ಚನ್ನು ಉಜ್ಜಿ ತೆಗೆ. ಜನ ನೋಡಿದರೆ ನಗುತ್ತಾರೆ.

ಜನ ಅಂದದ್ದು ಯಾಕೆಂದರೆ, ಸಕಲೇಶಪುರದ ಮೈಕ್‌ಸೆಟ್ ಪ್ರದೀಪ್ ಇದ್ದಾನಲ್ಲ, ನಾನು ಅವನ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದೆನಲ್ಲ, ಅವರ ಗಿಟಾರ್ ಕೈಕೊಟ್ಟಿದೆಯಂತೆ. ಪೇಟೆಗೆ ಹೋದಾಗ ಫೋನಿನಲ್ಲಿ ಸಿಕ್ಕಿದ. ಮದುವೆ ಸೀಸನ್ನಿಗೆ ನನ್ನದನ್ನು ಕೊಡುತ್ತೇನೆ ಅಂದೆ. ಅಟ್ಟದ ಮೇಲೆ ಕೊಳೆಯುವ ಬದಲು ಸ್ಟೇಜಿನ ಮೇಲಾದರೂ ಇರಲಿ. ಹಾಗಾಗಿ ವೈರಿಂಗನ್ನೂ ನೀನೇ ಮುಗಿಸಬೇಕು. ನನ್ನ ಸಾಲ್ಡರಿಂಗ್ ಐರನ್ ಅಟ್ಟದ ತಗಡಿನ ಡಬ್ಬಿಯಲ್ಲಿದೆ. ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಕಪ್ಪು ವೈರು ಅರ್ಥಿಂಗಿನದು, ಅದನ್ನು ಹಿಂದಿನ ಸ್ಪ್ರಿಂಗಿನ ಪಟ್ಟಿಗೆ ಬೆಸೆಯಲೇಬೇಕು. ಮರೆತರೆ ಸದ್ದು ಬರುತ್ತದೆ. ಕುತ್ತಿಗೆಯ ಸ್ಕ್ರೂ ಹಾಕುವ ಮೊದಲು ತೂತು ಕೊರೆ, ಇಲ್ಲದಿದ್ದರೆ ಮರ ಸೀಳುತ್ತದೆ.

ಯುಗಾದಿಗೆ ರಜೆ ಸಿಗುವುದು ಡೌಟು. ಅವ್ವನಿಗೆ ಈಗಲೇ ಹೇಳಬೇಡ.

ಚಂದನ್

•

ಹೊಂಗಡಹಳ್ಳ
14 ಜನವರಿ 2025

ಚಂದನ್,

ಪ್ರದೀಪನ ವಿಷಯ ಓದಿದೆ. ನಿನ್ನ ವಸ್ತು, ನಿನ್ನಿಷ್ಟ.

ಜೋಡಿಸಿದೆ. ಬೈರಿಗೆಯಿಂದ ತೂತು ಕೊರೆದು, ಸ್ಕ್ರೂಗೆ ಸೋಪು ಸವರಿ ಬಿಗಿದೆ. ಮರ ಸೀಳಲಿಲ್ಲ. ಸಾಲ್ಡರಿಂಗ್ ಮೊದಲು ಉಂಡೆ ಉಂಡೆಯಾಗಿ ಉದುರಿತು. ಹಳೇ ರೇಡಿಯೋದ ಮೇಲೆ ಅಭ್ಯಾಸ ಮಾಡಿದೆ, ಆಮೇಲೆ ಕೂತಿತು. ಕಪ್ಪು ವೈರನ್ನು ಸ್ಪ್ರಿಂಗಿನ ಪಟ್ಟಿಗೆ ಬೆಸೆದಿದ್ದೇನೆ. ತಂತಿ ಏರಿಸಿ, ನಿನ್ನ ಹಳೇ ಆಂಪ್ಲಿಫೈಯರಿಗೆ ಚುಚ್ಚಿ, ಒಂದು ತಂತಿ ಮೀಟಿದೆ. ಅವ್ವ ಒಲೆ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಇನ್ನೊಂದ್ ಸಲ ಹೊಡಿ" ಅಂದಳು. ಚಂದು, ನನ್ನ ಕೈಯಿಂದ ಅಂಥ ಸದ್ದು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಕುಣಿದಾಡುವಷ್ಟು ಖುಷಿಯಾಯಿತು.

ಆದರೆ ಒಂದು ತೊಂದರೆ. ಸುಮ್ಮನಿದ್ದರೂ ಸ್ಪೀಕರಿನಲ್ಲಿ ಟಿಕ್, ಟಿಕ್, ಟಿಕ್ ಅಂತ ಬರುತ್ತಲೇ ಇರುತ್ತದೆ. ಗಡಿಯಾರ ನುಂಗಿದ ಹಾಗೆ. ಎಲ್ಲವನ್ನೂ ಬಿಚ್ಚಿ ಎರಡು ಸಲ ಮತ್ತೆ ಬೆಸೆದೆ. ಹೋಗಲಿಲ್ಲ. ಯಾಕೆ?

ನಯನಾ

•

ಸುರಂಗದ ಕ್ಯಾಂಪ್
30 ಜನವರಿ 2025

ಅಕ್ಕ,

ಯಾಕೆ ಅಂದರೆ ಬೆಸುಗೆ ಸರಿಯಿಲ್ಲ. ಮೊದಲ ಸಲ ಸಾಲ್ಡರಿಂಗ್ ಮಾಡುವವರದ್ದೆಲ್ಲ ಹಾಗೇ. ಮೇಲೆ ಹೊಳೆಯುತ್ತದೆ, ಒಳಗೆ ಹಿಡಿದಿರುವುದಿಲ್ಲ. ಕಪ್ಪು ವೈರನ್ನು ಅಲ್ಲಾಡಿಸಿ ನೋಡು.

ಅದಕ್ಕೂ ಬಗ್ಗದಿದ್ದರೆ ತಾಮ್ರದ ಹಾಳೆ ಅಂಟಿಸಬೇಕು. ಹಿಂದೆ ಅಂಟು ಇರುವ ಟೇಪು, ಪೇಟೆಯಲ್ಲಿ ಸಿಕ್ಕಿತು, ಕಳಿಸುತ್ತಿದ್ದೇನೆ. ಫಲಕದ ಕೆಳಗಿನ ಗುಂಡಿಗೆಲ್ಲ ಒಳಗಿನಿಂದ ಅಂಟಿಸಿದರೆ ಹೊರಗಿನ ಯಾವ ಸದ್ದೂ ನುಗ್ಗುವುದಿಲ್ಲ. ಪ್ರದೀಪ್ ಅವಸರ ಮಾಡುತ್ತಿದ್ದಾನೆ. ಟಿಕ್ ಅನ್ನುವ ಗಿಟಾರನ್ನು ಸ್ಟೇಜಿಗೆ ಒಯ್ದರೆ ಅವನ ಮರ್ಯಾದೆ ಹೋಗುತ್ತದೆ. ಅದು ನಿಂತ ಕೂಡಲೇ ಅವನಿಗೆ ಹೇಳಿಕಳಿಸು, ಬಂದು ಒಯ್ಯುತ್ತಾನೆ.

ಚಂದನ್

•

ಹೊಂಗಡಹಳ್ಳ
16 ಫೆಬ್ರವರಿ 2025

ಚಂದನ್,

ಟಿಕ್ ನಿಂತಿಲ್ಲ. ಕಪ್ಪು ವೈರು ಅಲ್ಲಾಡಿಸಿದೆ, ಅದು ಸರಿಯಾಗಿಯೇ ಇದೆ. ನಿನ್ನ ತಾಮ್ರದ ಟೇಪು ಬಂದಿಲ್ಲ. ಬಂದರೂ ಈಗ ಬಿಡುವಿಲ್ಲ, ರೋಬಸ್ಟಾ ಕೊಯ್ಲು, ಆಳುಗಳ ಹಾಜರಿ ಮುಗಿಯುವುದೇ ಇಲ್ಲ.

ಕಳೆದ ವಾರ ನೆರಳಿನ ಮರದ ಕೊಂಬೆ ಕಡಿಸಲು ಅಪ್ಪಯ್ಯ ಪಂಪ್ ಶೆಡ್ಡಿಗೆ ಹೋಗಿ ಬೇಲಿಯ ಮಷೀನು ಆಫ್ ಮಾಡಿದ್ದರು. ಆ ಮಧ್ಯಾಹ್ನವೆಲ್ಲ ನಾನು ಬಾರಿಸಿದೆ. ಚೆನ್ನಾಗಿತ್ತು. ಸಂಜೆ ಅವರು ಮಷೀನು ಹಾಕಿ ಬಂದರು. ಮತ್ತೆ ಟಿಕ್ ಶುರುವಾಯಿತು. ಇದರಿಂದ ಏನು ತಿಳಿದುಕೊಳ್ಳಬೇಕೋ ನನಗೇನು ಗೊತ್ತು, ಎಲೆಕ್ಟ್ರಿಷಿಯನ್ ನೀನು.

ಪ್ರದೀಪನಿಗೆ ಹೇಳು, ಈ ಗಿಟಾರ್ ಸದ್ಯಕ್ಕೆ ಸ್ಟೇಜಿಗೆ ಆಗುವುದಿಲ್ಲ ಅಂತ.

ನಯನಾ

•

ಸುರಂಗದ ಕ್ಯಾಂಪ್
2 ಮಾರ್ಚ್ 2025

ಅಕ್ಕ,

ಮನೆಯ ಕರೆಂಟಿನ ಏರುಪೇರು ಇರಬಹುದು. ಏನೇ ಇರಲಿ, ಇನ್ನು ಕಾಗದದಲ್ಲಿ ರಿಪೇರಿ ಮಾಡುವುದು ಆಗದ ಮಾತು. ಪ್ರದೀಪನೇ 16ನೇ ತಾರೀಕು ಭಾನುವಾರ ಮನೆಗೆ ಬರುತ್ತಾನೆ. ಚುಚ್ಚಿ ನೋಡುತ್ತಾನೆ. ಸದ್ದಿದ್ದರೆ ಬಿಟ್ಟು ಹೋಗುತ್ತಾನೆ, ಇಲ್ಲದಿದ್ದರೆ ಕೊಟ್ಟು ಕಳಿಸು.

ನನ್ನ ಕಂಟ್ರಾಕ್ಟ್ ಇನ್ನೊಂದು ವರ್ಷ ಮುಂದುವರಿಸಿದ್ದಾರೆ. ಡಿಸೆಂಬರಿನಲ್ಲೇ ಸಹಿ ಹಾಕಿದ್ದೆ. ಅವ್ವನಿಗೆ ನೀನೇ ಸಮಾಧಾನವಾಗಿ ಹೇಳು.

ಚಂದನ್

•

ಹೊಂಗಡಹಳ್ಳ
18 ಮಾರ್ಚ್ 2025

ಚಂದು,

ಎಲ್ಲರೂ ಚೆನ್ನಾಗಿದ್ದೇವೆ. ಮೊದಲು ಅದನ್ನು ಓದಿಕೊ, ಆಮೇಲೆ ಉಳಿದದ್ದು.

ಭಾನುವಾರ ಬೆಳಿಗ್ಗೆ ಪ್ರದೀಪ್ ಬೈಕಿನಲ್ಲಿ ಬಂದ. ಅಪ್ಪಯ್ಯ ಸ್ಪ್ರಿಂಕ್ಲರ್ ಪೈಪು ಬದಲಿಸಲು ಹಳ್ಳದ ಹತ್ತಿರದ ತೋಟಕ್ಕೆ ಇಳಿದಿದ್ದರು. ಅವ್ವ ಅವರಿಗೆ ರೊಟ್ಟಿ ಕಟ್ಟುತ್ತಿದ್ದಳು. ಪ್ರದೀಪ್ ಗಿಟಾರನ್ನು ತಿರುಗಿಸಿ ತಿರುಗಿಸಿ ನೋಡಿದ, ಕಾಫಿ ಬೀಜದ ಅಚ್ಚಿನ ಮೇಲೆ ಬೆರಳಾಡಿಸಿದ, ನಗಲಿಲ್ಲ. ಚುಚ್ಚಿದ. ಸದ್ದೇ ಇಲ್ಲ. ಅವನು ವಾಲ್ಯೂಮ್ ಪೂರ್ತಿ ಏರಿಸಿ ಕಿವಿಗೊಟ್ಟ. "ಎಲ್ಲೈತೆ ಟಿಕ್ಕು? ಒಳ್ಳೆ ಹಾಲಿದ್ದಂಗೈತಲ್ಲ ಮಾರಾಯ್ತಿ" ಅಂದ.

ನನಗೆ ಮೊದಲು ಹೊಳೆದದ್ದು ಗಿಟಾರ್ ಕೈತಪ್ಪಿತು ಅಂತ. ಆಮೇಲೆ ಅಪ್ಪಯ್ಯ. ಈ ಅನುಕ್ರಮವನ್ನು ಬದಲಿಸಿ ಬರೆಯಬಹುದಿತ್ತು, ಬರೆಯುವುದಿಲ್ಲ.

ಚಂದು, ಆ ಟಿಕ್ ಬೇಲಿಯದು. ಮನೆ ಹಿಂದೆ ಹಾದುಹೋಗುವ ತಂತಿಯಲ್ಲಿ ಮಷೀನು ಬಿಟ್ಟು ಬಿಟ್ಟು ಹರಿಸುವ ಕರೆಂಟನ್ನು ಗಿಟಾರ್ ಹಿಡಿದುಕೊಳ್ಳುತ್ತದೆ. ಕೊಂಬೆ ಕಡಿಸಿದ ದಿನವೇ ನನಗೆ ತಿಳಿದಿತ್ತು. ತಿಳಿದೂ ನಿನಗೆ ಬಿಡಿಸಿ ಹೇಳಲಿಲ್ಲ. ಟಿಕ್ ಇರುವಷ್ಟು ದಿನ ಅದನ್ನು ಯಾರೂ ಒಯ್ಯುವುದಿಲ್ಲವಲ್ಲ. ನಿನ್ನ ತಾಮ್ರದ ಟೇಪೂ ಫೆಬ್ರವರಿಯಲ್ಲೇ ಬಂದಿತ್ತು.

ಟಿಕ್ ಇಲ್ಲ ಅಂದರೆ ಬೇಲಿ ಸತ್ತಿದೆ ಅಂತ. ಬಿಸಿಲೆ ಕಾಡಿನ ಕಡೆಯ ಆನೆಗಳ ಗುಂಪು ಮೂರು ದಿನದಿಂದ ಮೇಲಿನ ಎಸ್ಟೇಟಿನಲ್ಲೇ ಇತ್ತು. ಅದನ್ನೂ ನಿನಗೆ ಬರೆದಿರಲಿಲ್ಲ, ಇದ್ದದ್ದನ್ನೆಲ್ಲ ಬರೆದರೆ ನೀನು ಅಲ್ಲಿ ಊಟ ಬಿಡುತ್ತೀಯ. ಅವ್ವ ಬುತ್ತಿ ಹಿಡಿದು ಅಂಗಳ ಇಳಿಯುತ್ತಿದ್ದಳು. ಕೂಗಿ ನಿಲ್ಲಿಸಿದೆ. "ಬೇಲಿ ಆಫ್ ಆಗೈತೆ, ಅಪ್ಪಯ್ಯ ಕೆಳಗವ್ರೆ" ಅಂದೆ. "ನಿಂಗೆಂಗೆ ಗೊತ್ತು?" ಅಂತ ಪ್ರದೀಪ್ ಕೇಳಿದ. "ಗಿಟಾರ್ ಹೇಳ್ತು" ಅಂದೆ. ಹುಚ್ಚಿಯನ್ನು ನೋಡುವಂತೆ ನೋಡಿದ. ಆದರೆ ಬಂದ.

ಗಿಡ್ಡಯ್ಯನನ್ನು ಎಬ್ಬಿಸಿಕೊಂಡು, ಪಟಾಕಿ ಹಿಡಿದು ಮೂವರೂ ಇಳಿದೆವು. ಆನೆಗಳು ಬೇಲಿಯ ಕಂಬದ ಮೇಲೆ ಮರ ಕೆಡವಿದ್ದವು, ತಂತಿ ತುಂಡಾಗಿ ಕೆಸರಿನಲ್ಲಿ ಬಿದ್ದಿತ್ತು. ಪಂಪ್ ಶೆಡ್ಡಿನ ಮುಂದೆ ಎರಡು ಹೆಣ್ಣಾನೆ, ಒಂದು ಮರಿ. ಒಡೆದ ಪೈಪಿನ ನೀರನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದವು. ಶೆಡ್ಡಿನ ಬಾಗಿಲು ಮುಚ್ಚಿತ್ತು. ಅಪ್ಪಯ್ಯ ಒಳಗಿದ್ದಾರೋ, ಇನ್ನೆಲ್ಲಾದರೂ ಬಿದ್ದಿದ್ದಾರೋ ಗೊತ್ತಿಲ್ಲ. ಕೂಗುವ ಹಾಗೂ ಇಲ್ಲ. ಗಿಡ್ಡಯ್ಯ ದಿಬ್ಬದ ಮೇಲಿನಿಂದ ಪಟಾಕಿ ಹಚ್ಚಿ ಎಸೆದ. ದೊಡ್ಡದು ಒಮ್ಮೆ ನಮ್ಮ ಕಡೆ ತಿರುಗಿ ಕಿವಿ ಬಿಚ್ಚಿತು. ಆಮೇಲೆ ಮರಿಯನ್ನು ಮುಂದೆ ಬಿಟ್ಟುಕೊಂಡು ಹಳ್ಳ ದಾಟಿ ಹೋದವು.

ಅಪ್ಪಯ್ಯ ಶೆಡ್ಡಿನೊಳಗೆ ಮೋಟಾರಿನ ಹಿಂದೆ ಮುದುರಿ ಕೂತಿದ್ದರು. ನನ್ನ ಮುಖ ನೋಡಿ, "ನಿಮ್ಮವ್ವ ಇಳಿಯಲಿಲ್ವಾ?" ಅಂದರು. ಒಳಗೆ ಕೂತು ಅವರು ಯೋಚಿಸಿದ್ದೆಲ್ಲ ಅದೊಂದೇ, ರೊಟ್ಟಿ ತರುವ ಹೊತ್ತಾಯಿತು ಅಂತ. ಇಲ್ಲ ಅಂದೆ. ಆಗ ಅತ್ತರು. ಅಪ್ಪಯ್ಯ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು.

ಪ್ರದೀಪ್ ಕಾಫಿ ಕುಡಿದು ಬರಿಗೈಯಲ್ಲೇ ಹೊರಟ. "ಗಿಟಾರ್ ಚೆನ್ನಾಗೈತೆ. ನಂಗೆ ಬೇಕೂ ಬೇಕು. ಆದ್ರೆ ಇವತ್ತು ತಗೊಂಡೋಗಕ್ಕೆ ಮನಸು ಬರಲ್ಲ. ಚಂದೂಗೆ ಬರಿ, ಅವ್ನು ಕೊಡು ಅಂದ್ರೆ ಬತ್ತೀನಿ" ಅಂದ.

ಹಾಗಾಗಿ ಬರೆಯುತ್ತಿದ್ದೇನೆ. ಬೇಲಿಯನ್ನು ಅವತ್ತೇ ಸರಿಮಾಡಿಸಿದೆವು. ಅಪ್ಪಯ್ಯ ಎರಡು ದಿನದಿಂದ ತೋಟಕ್ಕೆ ಇಳಿಯುವ ಮೊದಲು "ಅದ್ನ ಒಸಿ ಹಾಕವ್ವ" ಅಂತಾರೆ. ಟಿಕ್ ಕೇಳಿಸಿಕೊಂಡು ಚಪ್ಪಲಿ ಮೆಟ್ಟುತ್ತಾರೆ. ಗಿಟಾರ್ ಮನೆಬಿಟ್ಟು ಹೋಗಕೂಡದು ಅಂತ ಅವರದ್ದು ಅಪ್ಪಣೆ. ಆದರೆ ನಾನು ಆ ನೆವ ಹೇಳುವುದಿಲ್ಲ. ಬೇಲಿಯಲ್ಲಿ ಕರೆಂಟಿದೆಯೋ ಇಲ್ಲವೋ ನೋಡುವ ಟೆಸ್ಟರ್ ಸಕಲೇಶಪುರದಲ್ಲಿ ಸಿಗುತ್ತದೆ, ನಾಳೆಯೇ ತರುತ್ತೇನೆ. ನಾನು ಕೇಳುತ್ತಿರುವುದು ಆನೆಗಾಗಿ ಅಲ್ಲ, ಅಪ್ಪಯ್ಯನಿಗಾಗಿ ಅಲ್ಲ. ಗಿಟಾರ್ ನನಗೆ ಬೇಕು. ನಾನು ಉಜ್ಜಿದ್ದು, ನಾನು ಬೆಸೆದದ್ದು, ನಾನು ಬಾರಿಸುವುದು. ಸುಳ್ಳು ಹೇಳಿ ಉಳಿಸಿಕೊಂಡೆ. ಅದಕ್ಕೆ ನೀನು ಬೈದರೆ ಬೈಸಿಕೊಳ್ಳುತ್ತೇನೆ. ನವೆಂಬರಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೇನೆ. ಕೊಡುತ್ತೀಯೋ, ಇಲ್ಲವೋ? ಕೊಡುವುದಿಲ್ಲ ಅಂದರೆ ತಾಮ್ರದ ಹಾಳೆ ಅಂಟಿಸಿ, ಒರೆಸಿ, ಪ್ರದೀಪನಿಗೆ ಕಳಿಸುತ್ತೇನೆ. ಈ ಸಲ ಮಾತ್ರ ನಗಬೇಡ.

ನಯನಾ

•

ಸುರಂಗದ ಕ್ಯಾಂಪ್
5 ಏಪ್ರಿಲ್ 2025

ಅಕ್ಕ,

ಯುಗಾದಿ ಮುಗಿದ ಮೇಲೆ ನಿನ್ನ ಕಾಗದ ಸಿಕ್ಕಿತು. ಅಪ್ಪಯ್ಯನಿಗೆ ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಲು ಹೇಳು. ಬೇಲಿಯ ಹತ್ತಿರ ವಾಲಿರುವ ಮರಗಳನ್ನು ಕಡಿಸಲಿ. ಟೆಸ್ಟರ್ ತಂದೆಯಾ?

ಆ ಬೇಲಿ ಹಾಕಿದವನು ನಾನು. ಮಷೀನು ಕೂರಿಸಿದವನೂ ನಾನೇ. ಬೇಲಿ ಆಫ್ ಮಾಡಿದ ಮಧ್ಯಾಹ್ನ ಚೆನ್ನಾಗಿ ಬಾರಿಸಿದೆ ಅಂತ ನೀನು ಬರೆದೂ ಇದ್ದೆ. ಆದರೂ ನನಗೆ ಹೊಳೆಯಲಿಲ್ಲ. ತಪ್ಪು ನಿನ್ನ ಬೆಸುಗೆಯದ್ದೇ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಇಲ್ಲಿಗೆ ಬಂದಮೇಲೆ ನಾನು ಗಿಟಾರ್ ಮುಟ್ಟಿಲ್ಲ. ಜೊತೆಗೆ ತಂದದ್ದು ಮಂಚದ ಕೆಳಗಿದೆ, ತಂತಿಗೆ ತುಕ್ಕು ಹಿಡಿದಿದೆ. ಶಿಫ್ಟ್ ಮುಗಿಸಿ ಬಂದರೆ ಮಲಗಿದರೆ ಸಾಕು ಅನ್ನಿಸುತ್ತದೆ. ಹೊಸದೊಂದು ತರಿಸಿದರೆ ಮತ್ತೆ ಬಾರಿಸುತ್ತೇನೋ ಏನೋ ಅಂದುಕೊಂಡು ಆ ಕಿಟ್ ತರಿಸಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಪ್ರದೀಪನಿಗೆ ಬೇರೆ ಕಾಗದ ಬರೆದಿದ್ದೇನೆ. ಗಿಟಾರ್ ನಿನ್ನದು. ಅಚ್ಚು ಇದ್ದ ಹಾಗೇ ಇರಲಿ.

ಇವತ್ತು ಕೂತು ನಿನ್ನ ಕಾಗದಗಳನ್ನೆಲ್ಲ ಮೊದಲಿನಿಂದ ಓದಿದೆ. ನಾನು ವಾರ್ನಿಷ್ ಬಗ್ಗೆ ಬರೆದಿದ್ದೇನೆ, ವೈರಿನ ಬಗ್ಗೆ ಬರೆದಿದ್ದೇನೆ, ಸದ್ದಿನ ಬಗ್ಗೆ ಬರೆದಿದ್ದೇನೆ. ಒಂದನ್ನು ಮಾತ್ರ ಒಂದು ಸಲವೂ ಕೇಳಿಲ್ಲ.

ಅಕ್ಕ, ನೀನು ಏನು ಬಾರಿಸುತ್ತೀಯ?

ಚಂದು